ಇಂಗ್ಲೆಂಡಿನಲ್ಲಿ ಮಗುವಿಗೆ ಚೈಲ್ಡ್‌ಮೈಂಡರ್ ಹುಡುಕುವಾಗ

ಊರಿಂದ ಬಂದ ಅಜ್ಜಿ-ತಾತ ಆರು ತಿಂಗಳ ವೀಸಾ ಮುಗಿಸಿ ಹೊರಡುವ ಹೊತ್ತಿಗೋ, ತಾಯಿಯ ಹೆರಿಗೆ ರಜೆ ಮುಗಿಯುವ ಹೊತ್ತಿಗೋ ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಹುಡುಕಾಟ ಶುರುವಾಗುತ್ತದೆ. ನರ್ಸರಿಗೆ ಹಾಕುವುದೋ, ಚೈಲ್ಡ್‌ಮೈಂಡರ್ ಹತ್ತಿರ ಬಿಡುವುದೋ? ಚೈಲ್ಡ್‌ಮೈಂಡರ್ ಎಂದರೆ ಹೆಚ್ಚಾಗಿ ತಮ್ಮ ಮನೆಯಲ್ಲೇ, ಹಣ ಪಡೆದು, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರು. ಮಕ್ಕಳು ಕಡಿಮೆ, ನೋಡಿಕೊಳ್ಳುವ ಮುಖ ದಿನವೂ ಒಂದೇ, ಸಮಯದ ವಿಷಯದಲ್ಲಿ ಸ್ವಲ್ಪ ಹೊಂದಾಣಿಕೆಯೂ ಸಾಧ್ಯ. ಆದರೆ ಆ ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಇರುವ ದೊಡ್ಡವರು ಅನೇಕ ಸಲ ಒಬ್ಬರೇ. ಅದಕ್ಕೇ ಆಯ್ಕೆಗೆ ನರ್ಸರಿಗಿಂತ ಹೆಚ್ಚು ಕೆಲಸ ಬೇಕು.

ಇಲ್ಲಿ ಹೇಳುವುದು ಇಂಗ್ಲೆಂಡಿನ ನಿಯಮ. ಅಲ್ಲಿ ನೋಂದಣಿ ಮತ್ತು ತಪಾಸಣೆ ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆಯ ಕೈಯಲ್ಲಿದೆ. ವೇಲ್ಸ್‌ನಲ್ಲಿ ಕೇರ್ ಇನ್‌ಸ್ಪೆಕ್ಟರೇಟ್ ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಕೇರ್ ಇನ್‌ಸ್ಪೆಕ್ಟರೇಟ್, ಉತ್ತರ ಐರ್ಲೆಂಡಿನಲ್ಲಿ ಆಯಾ ಹೆಲ್ತ್ ಅಂಡ್ ಸೋಶಿಯಲ್ ಕೇರ್ ಟ್ರಸ್ಟ್ ಇದನ್ನು ನೋಡಿಕೊಳ್ಳುತ್ತವೆ.

ಮೊದಲು: ಯಾರು ನೋಂದಾಯಿಸಲೇಬೇಕು

8 ವರ್ಷದೊಳಗಿನ ಮಗುವನ್ನು, ಮಗುವಿನದಲ್ಲದ ಮನೆಯಲ್ಲಿ, ದಿನಕ್ಕೆ ಒಟ್ಟು 2 ಗಂಟೆಗಿಂತ ಹೆಚ್ಚು, ಹಣ ಪಡೆದು ನೋಡಿಕೊಳ್ಳುವವರು ನೋಂದಾಯಿಸಿಕೊಳ್ಳಲೇಬೇಕು. ಮಾಡದಿದ್ದರೆ ಅಪರಾಧ. ಅಜ್ಜಿ, ತಾತ, ಅತ್ತೆ, ಚಿಕ್ಕಪ್ಪ, ಅಕ್ಕ, ಅಣ್ಣನಂಥ ಹತ್ತಿರದ ಸಂಬಂಧಿಕರಿಗೆ ಈ ನಿಯಮವಿಲ್ಲ. ಮಗುವಿನ ಮನೆಗೇ ಬಂದು ನೋಡಿಕೊಳ್ಳುವ ನ್ಯಾನಿಗೂ ಕಡ್ಡಾಯವಲ್ಲ. ಹಣ ಪಡೆಯದೆ ಗೆಳತಿಯ ಮಗುವನ್ನು ನೋಡಿಕೊಂಡರೂ ತಪ್ಪಿಲ್ಲ.

ನಮ್ಮವರ ನಡುವೆ ಎಡವಟ್ಟಾಗುವುದು ಇಲ್ಲೇ. ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದವರು, ಎರಡು ಬೀದಿ ಆಚೆ ಮನೆ, ಕನ್ನಡ ಮಾತಾಡುತ್ತಾರೆ, ಸಾರು ಅನ್ನ ತಿನ್ನಿಸುತ್ತಾರೆ, ಉಳಿದವರಿಗಿಂತ ಕಡಿಮೆ ಹಣಕ್ಕೆ ಒಪ್ಪುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೆ ನೋಂದಣಿ ಇಲ್ಲದ ಕಡೆ ವಿಮೆ ಇರುವುದಿಲ್ಲ, ಆ ಮನೆಯಲ್ಲಿರುವ ದೊಡ್ಡವರ ಪೊಲೀಸ್ ದಾಖಲೆಯನ್ನು ಯಾರೂ ನೋಡಿರುವುದಿಲ್ಲ, ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ ಎಂದು ಕೇಳಿದವರಿರುವುದಿಲ್ಲ, ಸರ್ಕಾರದ ನೆರವೂ ಅಲ್ಲಿಗೆ ಸಿಗುವುದಿಲ್ಲ. 'ನಮ್ಮವರೇ' ಎನ್ನುವುದು ಪ್ರಮಾಣಪತ್ರವಲ್ಲ. ಅಂಥವರ ಕೈಗೆ ಮಗುವನ್ನು ಕೊಡಲೇಬೇಕೆನಿಸಿದರೆ ಅವರಿಗೆ ನೋಂದಣಿ ಮಾಡಿಸಿಕೊಳ್ಳಲು ಹೇಳಿ, ಅಲ್ಲಿಯವರೆಗೆ ಕಾಯಿರಿ.

ಇನ್ನು ಊರಿಂದ ಬರುವ ಅಜ್ಜಿ-ತಾತ. ವಿಸಿಟರ್ ವೀಸಾದಲ್ಲಿ ಬಂದು ಭೇಟಿಯ ಅವಧಿಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಬಹುದು, ಆದರೆ ಅದು ಸಂಬಳದ ಕೆಲಸದಂತಾಗಬಾರದು. ಹಾಗಾಗಿ ಅದು ಮಧ್ಯದ ಸೇತುವೆ ಅಷ್ಟೆ. ಅವರು ಇರುವಾಗಲೇ ಚೈಲ್ಡ್‌ಮೈಂಡರ್‌ಗೆ ಹುಡುಕಿ, ಅವರು ಹೊರಡುವ ಮೂರು ವಾರ ಮುಂಚೆಯೇ ಮಗುವನ್ನು ಅಲ್ಲಿಗೆ ಒಗ್ಗಿಸಲು ತೊಡಗಿ. ಅಜ್ಜಿ ಹೋದ ದಿನವೇ ಹೊಸ ಮನೆಗೂ ಕಳಿಸಿದರೆ ಮಗುವಿಗೆ ಒಂದೇ ದಿನ ಎರಡು ಅಗಲಿಕೆ.

ಯಾವಾಗ ಹುಡುಕಲು ಶುರು ಮಾಡಬೇಕು

ಕೂಸಾದರೆ ಆರು ತಿಂಗಳು ಮುಂಚೆ. ಇದಕ್ಕೆ ಕಾರಣ ಲೆಕ್ಕ. ಒಬ್ಬ ಚೈಲ್ಡ್‌ಮೈಂಡರ್ ಒಂದೇ ಹೊತ್ತಿನಲ್ಲಿ 8 ವರ್ಷದೊಳಗಿನ 6 ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು. ಆ ಆರರಲ್ಲಿ ಚಿಕ್ಕ ಮಕ್ಕಳು, ಅಂದರೆ 5 ತುಂಬಿದ ನಂತರದ ಸೆಪ್ಟೆಂಬರ್ 1 ಇನ್ನೂ ಬಂದಿರದವರು, ಮೂರು. ಆ ಮೂರರಲ್ಲಿ ಒಂದು ವರ್ಷದೊಳಗಿನ ಕೂಸು ಒಂದೇ ಒಂದು. ಅವರ ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಒಡಹುಟ್ಟಿದವರು ಬಂದಾಗ, ಅವರದೇ ಕೂಸು ಹುಟ್ಟಿದಾಗ ಸ್ವಲ್ಪ ಸಡಿಲಿಕೆ ಉಂಟು. ಸಹಾಯಕರಿದ್ದರೆ ಸಂಖ್ಯೆಯೂ ಹೆಚ್ಚುತ್ತದೆ. ಆದರೂ ಸಾಮಾನ್ಯವಾಗಿ ಒಂದು ಮನೆಗೆ ಕೂಸಿನ ಜಾಗ ಒಂದೇ, ಅದು ತುಂಬಿದರೆ ಆ ಕೂಸಿಗೆ ವರ್ಷ ತುಂಬುವವರೆಗೆ ತೆರವಾಗುವುದಿಲ್ಲ.

ಎರಡು ಮೂರು ವರ್ಷದ ಮಗುವಿಗೆ ಮೂರು ತಿಂಗಳು ಸಾಕಾದೀತು. ದೊಡ್ಡ ಮಕ್ಕಳು ಶಾಲೆಯ ರಿಸೆಪ್ಷನ್ ತರಗತಿಗೆ ಹೋಗುವುದು ಸೆಪ್ಟೆಂಬರಿನಲ್ಲಿ, ಜಾಗಗಳು ಹೆಚ್ಚು ಖಾಲಿಯಾಗುವುದೂ ಆಗಲೇ. ಏಪ್ರಿಲ್‌ನಲ್ಲಿ ವಿಚಾರಿಸಿದರೆ 'ಸೆಪ್ಟೆಂಬರಿಗೆ ಒಬ್ಬರು ಹೋಗುತ್ತಾರೆ' ಎಂದು ಅವರೇ ಹೇಳುತ್ತಾರೆ.

ಹೆಸರುಗಳ ಪಟ್ಟಿ, ಆಮೇಲೆ ಸಂಖ್ಯೆ

ಪ್ರತಿ ಕೌನ್ಸಿಲ್‌ಗೂ ಫ್ಯಾಮಿಲಿ ಇನ್‌ಫರ್ಮೇಷನ್ ಸರ್ವಿಸ್ ಎಂಬ ಸೇವೆ ಇದೆ. ಪೋಸ್ಟ್‌ಕೋಡ್ ಕೊಟ್ಟರೆ ಸುತ್ತಲಿನ ನೋಂದಾಯಿತ ಚೈಲ್ಡ್‌ಮೈಂಡರ್‌ಗಳ ಪಟ್ಟಿ ಸಿಗುತ್ತದೆ. ಮಗು ಮುಂದೆ ಹೋಗಲಿರುವ ಪ್ರೈಮರಿ ಶಾಲೆಯ ಗೇಟಿನ ಬಳಿ ಮಧ್ಯಾಹ್ನ ಮೂರೂಕಾಲಿಗೆ ನಿಂತು ನೋಡುವುದೂ ಒಳ್ಳೆಯ ಉಪಾಯ: ಒಂದು ಮಗುವಿನ ತಳ್ಳುಗಾಡಿ, ಎರಡು ಬದಿಗೂ ಕೈ ಹಿಡಿದ ಮಕ್ಕಳು, ಅವರೇ ಚೈಲ್ಡ್‌ಮೈಂಡರ್. ಅವರು ರಸ್ತೆ ದಾಟಿಸುವ ರೀತಿ, ಹಿಂದುಳಿದ ಮಗುವನ್ನು ಕರೆಯುವ ದನಿ, ಇವೆರಡನ್ನೂ ಅಲ್ಲೇ ನೋಡಬಹುದು.

ಐದಾರು ಹೆಸರು ಸಿಕ್ಕ ಮೇಲೆ ಪ್ರತಿಯೊಬ್ಬರಿಂದಲೂ ಆಫ್‌ಸ್ಟೆಡ್ ನೋಂದಣಿ ಸಂಖ್ಯೆ, ಅಂದರೆ ಯುಆರ್‌ಎನ್ ಕೇಳಿ. ಕೇಳಲು ಸಂಕೋಚ ಬೇಡ. ಅವರಿಗೆ ಇದು ದಿನನಿತ್ಯದ ಪ್ರಶ್ನೆ. ಆಫ್‌ಸ್ಟೆಡ್ ತಾಣದಲ್ಲಿ ಚೈಲ್ಡ್‌ಮೈಂಡರ್‌ಗಳ ಹೆಸರು, ಮನೆ ವಿಳಾಸ ಅನೇಕ ಸಲ ಕಾಣಿಸುವುದಿಲ್ಲ, ಆದ್ದರಿಂದ ಹೆಸರು ಹಾಕಿ ಹುಡುಕಿ ಸಿಗಲಿಲ್ಲವೆಂದು ಅನುಮಾನಪಡಬೇಡಿ. ಸಂಖ್ಯೆಯಿಂದಲೇ ಹುಡುಕಬೇಕು. ಸಂಖ್ಯೆ ಕೊಡಲು ಹಿಂದೆಮುಂದೆ ನೋಡುವವರನ್ನು ಪಟ್ಟಿಯಿಂದ ತೆಗೆದುಬಿಡಿ.

ವರದಿ ತೆರೆದರೆ ಮೊದಲು ತಾರೀಖು ನೋಡಿ. 2025ರ ನವೆಂಬರ್‌ಗಿಂತ ಹಳೆಯ ವರದಿಯಲ್ಲಿ ಒಟ್ಟಾರೆ ಒಂದು ದರ್ಜೆ ಇರುತ್ತದೆ: ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನಡಿಕ್ವೇಟ್. ಅಲ್ಲಿಂದೀಚೆಗೆ ರಿಪೋರ್ಟ್ ಕಾರ್ಡ್ ಬಂದಿದೆ. ಅದರಲ್ಲಿ ಒಂದೊಂದು ವಿಷಯಕ್ಕೂ ಬೇರೆ ಬೇರೆ ಐದು ಹಂತದ ಅಳತೆ, ಮಕ್ಕಳ ಸುರಕ್ಷತೆಗೆ ಮಾತ್ರ 'ಮೆಟ್' ಅಥವಾ 'ನಾಟ್ ಮೆಟ್'. 'ಎಕ್ಸ್‌ಪೆಕ್ಟೆಡ್ ಸ್ಟ್ಯಾಂಡರ್ಡ್' ಎಂದು ಕಂಡರೆ ಮುಖ ಸಿಂಡರಿಸಬೇಡಿ. ಬೇಕಾದ ಮಟ್ಟದಲ್ಲಿದೆ ಎಂದೇ ಅದರ ಅರ್ಥ, ಸಾಧಾರಣ ಎಂದಲ್ಲ.

ದರ್ಜೆಗಿಂತ ಒಳಗಿನ ಬರಹ ಮುಖ್ಯ. 'ಸುಧಾರಿಸಲು ಏನು ಮಾಡಬೇಕು' ಎಂಬ ಭಾಗದಲ್ಲಿ ಲೆಕ್ಕ ಕಲಿಸುವುದನ್ನು ಹೆಚ್ಚಿಸಿ ಎಂದಿದ್ದರೆ ಚಿಂತೆಯಿಲ್ಲ. ಮಕ್ಕಳ ಮೇಲಿನ ನಿಗಾ, ಔಷಧದ ದಾಖಲೆ, ಮನೆಯವರ ಹಿನ್ನೆಲೆ ತಪಾಸಣೆ, ಇವುಗಳ ಬಗ್ಗೆ ಮಾತು ಬಂದಿದ್ದರೆ ಅದೇ ವಾಕ್ಯವನ್ನು ಮುಂದಿಟ್ಟು 'ಆಮೇಲೆ ಏನು ಬದಲಾಯಿಸಿದಿರಿ' ಎಂದು ಕೇಳಿ. ಹೊಸದಾಗಿ ನೋಂದಾಯಿಸಿದವರಿಗೆ ತಪಾಸಣಾ ವರದಿ ಇನ್ನೂ ಇರದಿರಬಹುದು, ಅದು ದೋಷವಲ್ಲ. ಕೆಲವರು ಆಫ್‌ಸ್ಟೆಡ್ ಬದಲು ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲಿ ನೋಂದಾಯಿಸಿರುತ್ತಾರೆ; ಆಗ ಆಫ್‌ಸ್ಟೆಡ್ ನೋಡುವುದು ಏಜೆನ್ಸಿಯನ್ನು, ಆ ವ್ಯಕ್ತಿಯ ವರದಿಯನ್ನು ಏಜೆನ್ಸಿಯಿಂದಲೇ ಕೇಳಿ ಪಡೆಯಬೇಕು.

ಹಣದ ಲೆಕ್ಕ, ಅದಕ್ಕೂ ಮುಂಚೆ ವೀಸಾ

2025ರ ಸೆಪ್ಟೆಂಬರಿನಿಂದ, ಕೆಲಸ ಮಾಡುವ ತಂದೆತಾಯಿಯ ಮಗುವಿಗೆ 9 ತಿಂಗಳಿಂದ ಶಾಲೆ ಸೇರುವವರೆಗೆ ವಾರಕ್ಕೆ 30 ಗಂಟೆ, ವರ್ಷಕ್ಕೆ 38 ವಾರ, ಅಂದರೆ 1,140 ಗಂಟೆ ಸರ್ಕಾರದ ಹಣದಲ್ಲಿ ಸಿಗುತ್ತದೆ. ಇಬ್ಬರಲ್ಲಿ ಯಾರ ಆದಾಯವೂ ವರ್ಷಕ್ಕೆ 1,00,000 ಪೌಂಡ್ ದಾಟಿರಬಾರದು, ಕನಿಷ್ಠ ವೇತನದ ದರದಲ್ಲಿ ವಾರಕ್ಕೆ 16 ಗಂಟೆಯಷ್ಟಾದರೂ ಇಬ್ಬರೂ ದುಡಿಯುತ್ತಿರಬೇಕು.

ಆದರೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದ ಕುಟುಂಬಗಳು ಇಲ್ಲಿ ನಿಂತು ಓದಬೇಕು. ನಿಮ್ಮ ಇ-ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ಹಣದ ನೆರವು, ಇಲ್ಲ ಎಂಬ ಷರತ್ತು ಇಬ್ಬರಿಗೂ ಇದ್ದರೆ ಈ 30 ಗಂಟೆ ನಿಮಗಿಲ್ಲ, ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ (ನೀವು ಹಾಕಿದ ಹಣಕ್ಕೆ ಸರ್ಕಾರವೂ ಸ್ವಲ್ಪ ಸೇರಿಸುವ ಖಾತೆ) ಕೂಡ ಇಲ್ಲ. 'ಆಫೀಸಿನಲ್ಲಿ ಎಲ್ಲರೂ ತಗೋತಾರೆ' ಎಂದು ಅರ್ಜಿ ಒತ್ತಬೇಡಿ. ಷರತ್ತು ಮುರಿದರೆ ಮುಂದೆ ವೀಸಾ ಮುಂದುವರಿಕೆಗೇ ಕುತ್ತು. ಅದೇ ಹೊತ್ತಿಗೆ, ಸಿಗುವುದನ್ನೂ ಬಿಡಬೇಡಿ: 3 ಮತ್ತು 4 ವರ್ಷದ ಎಲ್ಲ ಮಕ್ಕಳಿಗೂ ಸಿಗುವ ವಾರಕ್ಕೆ 15 ಗಂಟೆ ವೀಸಾ ಯಾವುದಿದ್ದರೂ ನಿಮ್ಮ ಮಗುವಿಗೆ ಇದೆ. ಇದು ಗೊತ್ತಿಲ್ಲದೆ ಪೂರ್ತಿ ಹಣ ತೆರುವವರು ಬಹಳ.

ಅರ್ಹತೆ ಇರುವವರು ತಾರೀಖು ತಪ್ಪಿಸಬಾರದು. ಮಗುವಿಗೆ 9 ತಿಂಗಳಾದ ದಿನದಿಂದಲ್ಲ, ಅದರ ಮುಂದಿನ ಅವಧಿಯಿಂದ ನೆರವು ಶುರು: ಸೆಪ್ಟೆಂಬರ್ 1, ಜನವರಿ 1, ಏಪ್ರಿಲ್ 1. ಸೆಪ್ಟೆಂಬರ್ 10ಕ್ಕೆ 9 ತಿಂಗಳಾದರೆ ಜನವರಿವರೆಗೆ ನಿಮ್ಮ ಜೇಬಿನಿಂದಲೇ. ಅವಧಿ ಶುರುವಾಗುವ ಹಿಂದಿನ ದಿನದೊಳಗೆ, ಅರ್ಜಿ ಹಾಕಿದರೆ ಸಿಗುವ 11 ಅಂಕಿಯ ಕೋಡ್ ಕೈಗೆ ಬಂದಿರಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ವಿವರವನ್ನು ಮತ್ತೆ ಖಚಿತಪಡಿಸಬೇಕು. ಇದನ್ನು ಮರೆತು ಕೋಡ್ ಕಳೆದುಕೊಳ್ಳುವುದು ತೀರಾ ಸಾಮಾನ್ಯ. ಫೋನಿನಲ್ಲಿ ಎರಡು ನೆನಪೋಲೆ ಹಾಕಿಡಿ.

ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 7 ಪೌಂಡ್, ವಾರಕ್ಕೆ 40 ಗಂಟೆ ಎಂದಿಟ್ಟುಕೊಂಡರೆ ವಾರಕ್ಕೆ 280 ಪೌಂಡ್. 1,140 ಗಂಟೆಯನ್ನು ವರ್ಷವಿಡೀ ಹಂಚಿದರೆ ವಾರಕ್ಕೆ ಸುಮಾರು 22 ಗಂಟೆ ಬರುತ್ತದೆ, ಉಳಿದ 18 ಗಂಟೆಗೆ 126 ಪೌಂಡ್. ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಖಾತೆಯಲ್ಲಿ ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಸೇರಿಸುತ್ತದೆ, ಮೂರು ತಿಂಗಳಿಗೆ ಒಂದು ಮಗುವಿಗೆ 500 ಪೌಂಡ್ ಮಿತಿ. ಆಗ ನಿಮ್ಮ ಪಾಲು ವಾರಕ್ಕೆ ಸುಮಾರು 101 ಪೌಂಡ್. ಎಲ್ಲ ಚೈಲ್ಡ್‌ಮೈಂಡರ್‌ಗಳೂ ಹೀಗೆ ಹಂಚಲು ಒಪ್ಪುವುದಿಲ್ಲ, ಸರ್ಕಾರದ ಗಂಟೆಗಳನ್ನೇ ಕೆಲವರು ತೆಗೆದುಕೊಳ್ಳುವುದಿಲ್ಲ. ಅದನ್ನು ಫೋನಿನಲ್ಲೇ ಕೇಳಿ. ಆ ಗಂಟೆಗಳಿಗೆ ಮೇಲುಹಣ ಕೇಳುವಂತಿಲ್ಲ. ಊಟ, ನ್ಯಾಪಿ, ಹೊರಗಿನ ಸುತ್ತಾಟಕ್ಕೆ ಕೇಳಬಹುದು, ಆದರೆ ಅದು ನಿಮ್ಮ ಇಚ್ಛೆಗೆ ಬಿಟ್ಟದ್ದಾಗಿರಬೇಕು, ಬಿಲ್ಲಿನಲ್ಲಿ ಬೇರೆಯಾಗಿ ಕಾಣಬೇಕು.

ಮನೆಗೆ ಹೋಗಿ ನೋಡುವುದು: ಒಂದಲ್ಲ, ಎರಡು ಸಲ

ಮೊದಲ ಭೇಟಿ ಮಾತಿಗೆ. ಸಂಜೆ ಮಕ್ಕಳು ಹೋದ ಮೇಲೆ ಹೋದರೆ ಅವರಿಗೂ ಬಿಡುವಿರುತ್ತದೆ. ಕೇಳಿ ನೋಡಬೇಕಾದ ಕಾಗದಗಳು ನಾಲ್ಕು: ನೋಂದಣಿ ಪ್ರಮಾಣಪತ್ರ, ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ (ಪೂರ್ತಿ ತರಬೇತಿ 12 ಗಂಟೆಯದು, 3 ವರ್ಷಕ್ಕೊಮ್ಮೆ ನವೀಕರಿಸಬೇಕು), ಪಬ್ಲಿಕ್ ಲಯಬಿಲಿಟಿ ವಿಮೆ, ಮತ್ತು ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯುವುದಾದರೆ ವ್ಯವಹಾರದ ಬಳಕೆಯೂ ಸೇರಿದ ಕಾರಿನ ವಿಮೆ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಹೆಚ್ಚಿನ ಕಡೆ ಕೊರತೆ ಕಾಣುವುದೂ ಅದರಲ್ಲೇ.

'ಈ ಮನೆಯಲ್ಲಿ ಯಾರ್ಯಾರು ಇರುತ್ತಾರೆ' ಎಂದು ಕೇಳಿ. 16 ತುಂಬಿದ ಪ್ರತಿಯೊಬ್ಬರಿಗೂ ಡಿಬಿಎಸ್ ತಪಾಸಣೆ, ಅಂದರೆ ಪೊಲೀಸ್ ದಾಖಲೆಯ ಪರಿಶೀಲನೆ, ಆಗಿರಬೇಕು. ಕಾಲೇಜಿನಿಂದ ರಜೆಗೆ ಬರುವ ಮಗ, ಈಚೆಗೆ ಜೊತೆಗೆ ಇರಲು ಬಂದ ತಮ್ಮ, ಇಂಥವರೇ ಲೆಕ್ಕದಿಂದ ಜಾರುವುದು. ಪ್ರಶ್ನೆಗೆ ಅವರು ಸಹಜವಾಗಿ, ಹೆಸರು ಹೇಳಿ ಉತ್ತರಿಸಿದರೆ ಸರಿ.

ಮನೆಯೊಳಗೆ ಕಣ್ಣಾಡಿಸಿ: ಮೆಟ್ಟಿಲಿನ ಮೇಲೂ ಕೆಳಗೂ ಗೇಟ್, ಕಿಟಕಿಯ ಬ್ಲೈಂಡ್‌ನ ಹಗ್ಗ ಮಗುವಿನ ಕೈಗೆ ಸಿಗದಂತೆ, ಹೊಗೆಯ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ, ಹಿತ್ತಿಲಲ್ಲಿ ಕೊಳ ಇದ್ದರೆ ಬೇಲಿ. ನಾಯಿ ಇದ್ದರೆ ಊಟದ ಹೊತ್ತಿನಲ್ಲಿ ಎಲ್ಲಿರುತ್ತದೆ? ಕೂಸು ಮಲಗುವ ಜಾಗ ತೋರಿಸಲು ಹೇಳಿ. ಗಟ್ಟಿ ಹಾಸಿಗೆಯ ಕಾಟ್, ಒಳಗೆ ದಿಂಬು-ಗೊಂಬೆ ಏನೂ ಇಲ್ಲ, ಅಂಗಾತ ಮಲಗಿಸುವುದು, ಕೋಣೆ 16ರಿಂದ 20 ಡಿಗ್ರಿ. ತೊಟ್ಟಿಲು ತೂಗಿ ಮಲಗಿಸಿಯೇ ಅಭ್ಯಾಸವಾಗಿರುವ ಕೂಸು ಕಾಟ್‌ನಲ್ಲಿ ಮೊದಲ ವಾರ ನಿದ್ದೆಯೇ ಮಾಡದಿರಬಹುದು, ಅದಕ್ಕೆ ಎರಡು ವಾರ ಮುಂಚೆ ಮನೆಯಲ್ಲೇ ತೂಗುವುದನ್ನು ಕಡಿಮೆ ಮಾಡುತ್ತ ಬನ್ನಿ.

ಮನೆ ಥಳಥಳ ಹೊಳೆಯಬೇಕಿಲ್ಲ. ನೆಲದ ಮೇಲೆ ಆಟಿಕೆ ಹರಡಿರುವುದು ಒಳ್ಳೆಯ ಲಕ್ಷಣವೇ.

ಎರಡನೇ ಭೇಟಿಯನ್ನು ಸಂಜೆ ನಾಲ್ಕು ಗಂಟೆಗೆ ಇಟ್ಟುಕೊಳ್ಳಿ. ಇದರಲ್ಲಿ ರಾಜಿ ಬೇಡ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಚೈಲ್ಡ್‌ಮೈಂಡರ್‌ಗಳೂ ಚೆನ್ನಾಗಿಯೇ ಕಾಣುತ್ತಾರೆ. ನಾಲ್ಕಕ್ಕೆ ಶಾಲೆಯ ಮಕ್ಕಳು ಬಂದಿರುತ್ತಾರೆ, ಎಲ್ಲರಿಗೂ ಹಸಿವು, ಕೂಸಿಗೆ ನಿದ್ದೆ, ಒಬ್ಬನ ಶೂ ಕಾಣೆಯಾಗಿರುತ್ತದೆ. ಆಗ ಟೀವಿ ಹಚ್ಚಿ ಕೂರಿಸುತ್ತಾರೋ, ಮಕ್ಕಳ ಮಟ್ಟಕ್ಕೆ ಬಗ್ಗಿ ಮಾತಾಡುತ್ತಾರೋ, ಅಳುವ ಮಗುವನ್ನು ಎತ್ತಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು? ತಲೆ ಎಣಿಸಿ, 6-3-1ರ ಲೆಕ್ಕ ನಿಮಗೆ ಗೊತ್ತಿದೆ. ಮಕ್ಕಳು ಅವರ ಹತ್ತಿರ ತಾವಾಗಿ ಬರುತ್ತಾರೋ ಇಲ್ಲವೋ ನೋಡಿ.

ಈಗಿರುವ ಒಬ್ಬ ಪೋಷಕರ ಜೊತೆಗೆ, ಬಿಟ್ಟುಹೋದ ಒಬ್ಬರ ಜೊತೆಯೂ ಮಾತಾಡಿ. 'ಚೆನ್ನಾಗಿದ್ದಾರಾ' ಎಂದು ಕೇಳಿದರೆ ಚೆನ್ನಾಗಿದ್ದಾರೆ ಎಂಬ ಉತ್ತರವೇ ಬರುತ್ತದೆ. 'ಕಳೆದ ವರ್ಷ ಎಷ್ಟು ದಿನ ಇದ್ದಕ್ಕಿದ್ದಂತೆ ರಜೆ ಹಾಕಿದರು? ಮಗು ಬಿದ್ದಾಗ ನಿಮಗೆ ಹೇಗೆ ತಿಳಿಸಿದರು?' ಎಂದು ಕೇಳಿ.

ಊಟ, ಮೈಮೇಲಿನ ಮಚ್ಚೆ, ಮಾತು

'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಕೇಕಿನಲ್ಲಿ ಮೊಟ್ಟೆ ಬರುತ್ತದೆ, ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್ ಬರುತ್ತದೆ. ಮಾಂಸ, ಮೀನು, ಮೊಟ್ಟೆ, ಜೆಲಟಿನ್, ಯಾವುದು ಬೇಡವೋ ಒಂದೊಂದಾಗಿ ಬರೆದುಕೊಡಿ. ಅದೇ ಸೌಟು, ಅದೇ ಬಾಣಲೆ ಬಳಸಿದರೆ ನಿಮಗೆ ಆದೀತೋ ಇಲ್ಲವೋ ಅದನ್ನೂ ಸ್ಪಷ್ಟವಾಗಿ ಹೇಳಿ. ಆಗದಿದ್ದರೆ ಮನೆಯಿಂದಲೇ ಡಬ್ಬಿ ಕಳಿಸುವುದು ಇಬ್ಬರಿಗೂ ನೆಮ್ಮದಿ.

ಡಬ್ಬಿಯಲ್ಲಿ ಒಂದು ಎಚ್ಚರ. ಮೊಸರನ್ನಕ್ಕೆ ಉದುರಿಸಿದ ಶೇಂಗಾ ಚಟ್ನಿಪುಡಿ, ಎಳ್ಳುಂಡೆ, ಗೋಡಂಬಿ ಹಾಕಿದ ಉಪ್ಪಿಟ್ಟು ನಮಗೆ ಮನೆಯೂಟ, ಪಕ್ಕದಲ್ಲಿ ಕೂತ ಅಲರ್ಜಿ ಇರುವ ಮಗುವಿಗೆ ಅಪಾಯ. ಶೇಂಗಾ, ಎಳ್ಳು, ಗೋಡಂಬಿ ಬಿಟ್ಟು ಕಳಿಸುವುದೇ ಮೇಲು. 5 ವರ್ಷದೊಳಗಿನವರಿಗೆ ಇಡೀ ಬೀಜಗಳು, ಪಾಪ್‌ಕಾರ್ನ್ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ವರ್ಷ ತುಂಬದ ಕೂಸಿಗೆ ಜೇನು ಬೇಡ. ಉಡಿದಾರ, ಕಾಲ್ಗೆಜ್ಜೆ, ಮಣಿಸರದಿಂದ ಬಿಚ್ಚಿದ ಒಂದು ಮಣಿ ಸಾಕು, ಗಂಟಲಿಗೆ ಸಿಕ್ಕೀತು. ಅವನ್ನು ಮನೆಯಲ್ಲೇ ತೆಗೆದಿಟ್ಟು ಕಳಿಸಿ.

ಬಹಳ ಮನೆಗಳಲ್ಲಿ ಯಾರೂ ಮುಂಚೆ ಹೇಳದ ವಿಷಯ ಒಂದಿದೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಹುಟ್ಟಿನಿಂದ ಸೊಂಟ, ಕುಂಡೆ, ಬೆನ್ನಿನ ಮೇಲೆ ನೀಲಿ-ಬೂದು ಮಚ್ಚೆ ಇರುತ್ತದೆ, ಕೆಲವು ವರ್ಷಗಳಲ್ಲಿ ಮಾಸುತ್ತದೆ. ನೋಡಲು ಥೇಟ್ ಪೆಟ್ಟು ಬಿದ್ದ ಕಲೆ. ನ್ಯಾಪಿ ಬದಲಿಸುವಾಗ ಅದನ್ನು ಮೊದಲ ಸಲ ಕಂಡ ಚೈಲ್ಡ್‌ಮೈಂಡರ್‌ಗೆ ಅದು ಹೊಡೆತದ ಗುರುತೆಂಬ ಅನುಮಾನ ಬಂದರೆ ಕೌನ್ಸಿಲ್‌ಗೆ ತಿಳಿಸುವುದು ಅವರ ಕರ್ತವ್ಯ. ಆದ್ದರಿಂದ ಹೆಲ್ತ್ ವಿಸಿಟರ್ (ಚಿಕ್ಕ ಮಕ್ಕಳ ಆರೋಗ್ಯ ನೋಡುವ ನರ್ಸ್) ಹತ್ತಿರ ಆ ಮಚ್ಚೆಯನ್ನು ಮಗುವಿನ ಆರೋಗ್ಯ ದಾಖಲೆಯ ಪುಸ್ತಕವಾದ ರೆಡ್ ಬುಕ್‌ನಲ್ಲಿ ಬರೆಸಿ, ಸೇರಿಸುವ ದಿನವೇ ಆ ಪುಟ ತೋರಿಸಿ.

ಮನೆಮಾತು ಇಂಗ್ಲಿಷ್ ಅಲ್ಲದ ಮಗುವಿಗೆ ಆ ಮಾತನ್ನು ಆಟದಲ್ಲಿ ಬಳಸುವ ಅವಕಾಶ ಕೊಡಬೇಕೆಂದು ಚೈಲ್ಡ್‌ಮೈಂಡರ್‌ಗಳ ಕಡ್ಡಾಯ ನಿಯಮಾವಳಿಯೇ ಹೇಳುತ್ತದೆ. ಇದನ್ನು ಬಳಸಿಕೊಳ್ಳಿ. ನೀರು, ಹಾಲು, ಮಮ್ಮು, ತಾಚಿ, ಸುಸು, ಕಕ್ಕ, ನೋವು, ಸಾಕು, ಬೇಕು, ಬೇಡ: ಹತ್ತು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಲು ಕೊಡಿ, ಧ್ವನಿ ಮುದ್ರಿಸಿಯೂ ಕಳಿಸಿ. ಬೇಕು, ಬೇಡ ಎರಡೂ ಅವರ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಮಗು ಬೇಡ ಎಂದು ಅಳುತ್ತಿದ್ದರೆ ಇನ್ನಷ್ಟು ಬಡಿಸುತ್ತಾರೆ. ಅದನ್ನು ಎರಡೆರಡು ಸಲ ಹೇಳಿಕೊಡಿ.

ಕರಾರು ಪತ್ರ

ಬರಹದಲ್ಲಿ ಕರಾರಿಲ್ಲದೆ ಮುಂಗಡ ಕೊಡಬೇಡಿ. ಜಗಳ ಬರುವುದು ಗಂಟೆಯ ದರದಿಂದಲ್ಲ, ಬರದ ದಿನಗಳಿಂದ. ಮಗುವಿಗೆ ಹುಷಾರಿಲ್ಲದೆ ಕಳಿಸದ ದಿನಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕು. ಅವರಿಗೇ ಹುಷಾರಿಲ್ಲದ ದಿನಕ್ಕೆ ಸಾಮಾನ್ಯವಾಗಿ ಕೊಡಬೇಕಿಲ್ಲ. ಅವರ ರಜೆಗೆ ಪೂರ್ತಿ, ಅರ್ಧ, ಇಲ್ಲವೇ ಏನೂ ಇಲ್ಲ, ಮೂರೂ ಬಳಕೆಯಲ್ಲಿವೆ. ವರ್ಷದ ಎಂಟು ಬ್ಯಾಂಕ್ ಹಾಲಿಡೇ? ನೀವು ಡಿಸೆಂಬರಿನಲ್ಲಿ ಐದು ವಾರ ಊರಿಗೆ ಹೋದರೆ? ನಮ್ಮವರಿಗೆ ಈ ಕೊನೆಯ ಸಾಲು ಎಲ್ಲಕ್ಕಿಂತ ದುಬಾರಿ, ಜಾಗ ಉಳಿಸಿಕೊಳ್ಳಲು ಪೂರ್ತಿ ಹಣ ಕೇಳುವವರೇ ಹೆಚ್ಚು. ಸೇರುವ ಮುಂಚೆಯೇ ಮಾತಾಡಿದರೆ ಅರ್ಧಕ್ಕೆ ಒಪ್ಪುವವರು ಸಿಗುತ್ತಾರೆ, ಟಿಕೆಟ್ ತೆಗೆಸಿದ ಮೇಲೆ ಸಿಗುವುದಿಲ್ಲ.

ನೋಟಿಸ್ ಅವಧಿ ಹೆಚ್ಚಾಗಿ 4 ವಾರ. ತಡವಾಗಿ ಬಂದರೆ ಕಾಲು ಗಂಟೆಗೆ ಎಷ್ಟು, ಅವರಿಗೆ ಹುಷಾರು ತಪ್ಪಿದಾಗ ಬದಲಿ ಯಾರು, ಮಗುವಿನ ಫೋಟೊ ಯಾವ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ನಿಮ್ಮನ್ನು ಬಿಟ್ಟು ಮಗುವನ್ನು ಕರೆದೊಯ್ಯಬಹುದಾದವರು ಯಾರು, ಇವೂ ಕಾಗದದ ಮೇಲಿರಲಿ.

ಕಾಯಿಲೆಯ ನಿಯಮ ಕಟ್ಟುನಿಟ್ಟು. ವಾಂತಿ-ಭೇದಿ ನಿಂತು 48 ಗಂಟೆ ಆಗುವವರೆಗೆ, ಚಿಕನ್‌ಪಾಕ್ಸ್ ಬಂದರೆ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಮಗು ಮನೆಯಲ್ಲೇ ಇರಬೇಕು. ಬೆಳಿಗ್ಗೆ ಕ್ಯಾಲ್‌ಪಾಲ್ ಕುಡಿಸಿ ಜ್ವರ ಇಳಿಸಿ ಕಳಿಸಿದರೆ ಹನ್ನೊಂದಕ್ಕೆ ಫೋನ್ ಬರುತ್ತದೆ, ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಔಷಧ ಕೊಡಲು ಪ್ರತಿ ಔಷಧಕ್ಕೂ ಬರಹದ ಒಪ್ಪಿಗೆ ಬೇಕು. ಊರಿಂದ ತಂದ ಸಿರಪ್, ಕಷಾಯದ ಪುಡಿ ಕಳಿಸಬೇಡಿ, ಅವರು ಕೊಡುವುದೂ ಇಲ್ಲ.

ಮೊದಲ ಎರಡು ವಾರ

ಮೊದಲ ದಿನ ನೀವೂ ಜೊತೆಗೆ ಒಂದು ಗಂಟೆ. ಮರುದಿನ ಅರ್ಧ ಗಂಟೆ ಬಿಟ್ಟು ಹೊರಗೆ ನಡೆದಾಡಿ ಬನ್ನಿ. ಆಮೇಲೆ ಎರಡು ಗಂಟೆ, ಒಂದು ಊಟದ ಹೊತ್ತು, ಒಂದು ನಿದ್ದೆಯ ಹೊತ್ತು, ಅರ್ಧ ದಿನ. ನಿದ್ದೆಯ ಮೆಟ್ಟಿಲು ಎಲ್ಲಕ್ಕಿಂತ ಕಷ್ಟ, ಅದನ್ನು ಕೊನೆಗೆ ಇಡಿ. ಅಮ್ಮನ ಹಳೆಯ ಹತ್ತಿ ದುಪಟ್ಟಾ ಒಂದಿದ್ದರೆ ಒಂದು ವರ್ಷ ದಾಟಿದ ಮಗುವಿಗೆ ಹಗಲು ಹಿಡಿದುಕೊಳ್ಳಲು ಕೊಡಬಹುದು. ಕೂಸಿನ ಕಾಟ್‌ಗೆ ಬೇಡ. ಹೊರಡುವಾಗ ಕದ್ದು ಹೋಗಬೇಡಿ. ಟಾಟಾ ಹೇಳಿ, ಅತ್ತರೂ ಹೊರಡಿ, ಹತ್ತು ನಿಮಿಷಕ್ಕೆ ಸಂದೇಶ ಕಳಿಸಲು ಹೇಳಿ.

ಬಿಡುವಾಗಿನ ಅಳು ಎರಡು ಮೂರು ವಾರ ಇದ್ದರೂ ಸಹಜ. ಕರೆದುಕೊಳ್ಳಲು ಹೋದಾಗ ಮಗು ಮಂಕಾಗಿರುವುದು, ಆ ಬೀದಿಗೆ ತಿರುಗಿದೊಡನೆ ಮೈ ಬಿಗಿಯುವುದು, ನಿಮಗೆ ಹೇಳದ ಗಾಯ ಕಾಣುವುದು ಸಹಜವಲ್ಲ. ಬಿದ್ದದ್ದು, ಪೆಟ್ಟಾದದ್ದು ಅದೇ ದಿನ ನಿಮಗೆ ತಿಳಿಸುವುದು ಅವರ ಹೊಣೆ. ಹೇಳದೆ ಒಮ್ಮೆಗೆ ಹೋಗಿ ಬಾಗಿಲು ತಟ್ಟಿ. ಒಳ್ಳೆಯ ಚೈಲ್ಡ್‌ಮೈಂಡರ್‌ಗೆ ಅದರಿಂದ ಬೇಸರವಾಗುವುದಿಲ್ಲ. ದೂರನ್ನು ಬರೆದುಕೊಟ್ಟರೆ 28 ದಿನದೊಳಗೆ ಏನು ಕಂಡುಬಂತೆಂದು ಅವರು ನಿಮಗೆ ತಿಳಿಸಬೇಕು. ಸಮಾಧಾನವಾಗದಿದ್ದರೆ ಆಫ್‌ಸ್ಟೆಡ್‌ಗೆ ಬರೆಯಿರಿ. ಮಗುವಿಗೆ ಯಾರೋ ಘಾಸಿ ಮಾಡಿದ್ದಾರೆ ಎನಿಸಿದರೆ ಆ 28 ದಿನ ಕಾಯುವ ಮಾತಿಲ್ಲ: ಮಗುವನ್ನು ಮನೆಗೆ ಕರೆತಂದು ಕೌನ್ಸಿಲ್‌ನ ಚಿಲ್ಡ್ರನ್ಸ್ ಸರ್ವಿಸಸ್‌ಗೆ, ತುರ್ತಾದರೆ 999ಕ್ಕೆ ಅದೇ ಗಂಟೆಯಲ್ಲಿ ಫೋನ್ ಮಾಡಿ.